ಉದ್ಯಾನದ ನಿರ್ವಹಣೆ ‘ತೃಪ್ತಿಕರ’ ಎಂದು ಸಹಿ ಹಾಕುವ ಮುನ್ನ ಇದನ್ನು ಓದಿ

ನಿಮ್ಮ ಬಡಾವಣೆಯ ಉದ್ಯಾನವನ್ನು ನೋಡಿಕೊಳ್ಳುವ ಗುತ್ತಿಗೆದಾರನ ಹುಡುಗ ಒಂದು ಹಾಳೆ ಹಿಡಿದು ಬಾಗಿಲಿಗೆ ಬಂದು, "ಸಂಘದ ಕಡೆಯಿಂದ ಒಂದು ಸಹಿ ಬೇಕಿತ್ತು ಸಾರ್, ಬರೀ ಫಾರ್ಮಾಲಿಟಿ" ಎಂದರೆ ದಯವಿಟ್ಟು ಸಹಿ ಹಾಕಬೇಡಿ. ನಾನು ಹಾಕಿದೆ. ಒಂದು ಸಲವಲ್ಲ, ನಾಲ್ಕು ಸಲ ಹಾಕಿದೆ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು, ಬೇರೆಯವರ ವೋಚರುಗಳಲ್ಲಿ ತಪ್ಪು ಹುಡುಕಿಯೇ ಸಂಬಳ ಪಡೆದ ನಾನು, ನಿವೃತ್ತನಾಗಿ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ಮೇಲೆ ಓದದೆ ಸಹಿ ಹಾಕಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಹುಡುಗ ಅದೇ ಹಾಳೆಯನ್ನು ಪಕ್ಕದ ಬಡಾವಣೆಗೂ ಒಯ್ಯುತ್ತಿದ್ದಾನೆ.

ವ್ಯವಹಾರ ಹೇಗೆ ನಡೆಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಟೆಂಡರ್ ಆಗುತ್ತದೆ, ಕಾರ್ಯಾದೇಶ ಹೊರಡುತ್ತದೆ, ಇಂಜಿನಿಯರ್ ಸ್ಥಳಕ್ಕೆ ಬಂದು ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಮೇಲಿನವರು ಪರಿಶೀಲಿಸುತ್ತಾರೆ, ಆಮೇಲೆ ಬಿಲ್ಲು. ನಮ್ಮಲ್ಲಿ ಮಾಲಿ ವಾರಕ್ಕೊಮ್ಮೆ ಬಂದರೆ ಹೆಚ್ಚು. ಬೇಸಿಗೆಯಲ್ಲಿ ಪಂಪಿನ ಮೋಟಾರು ಸುಟ್ಟುಹೋಗಿ ಹುಲ್ಲುಹಾಸು ಒಣಗಿದಾಗ ಇಂಜಿನಿಯರ್ ಸಾಹೇಬರು "ಅನುದಾನ ಇನ್ನೂ ಬಿಡುಗಡೆಯಾಗಿಲ್ಲ ಸಾರ್" ಎಂದರು. ಗಿಡಗಳು ಸಾಯುವುದನ್ನು ನೋಡಲಾರದೆ ನಾವು ನಲವತ್ತೆಂಟು ಮನೆಗಳಿಂದ ಮನೆಗೆ 200 ರೂಪಾಯಿಯಂತೆ 9,600 ರೂಪಾಯಿ ಕೂಡಿಸಿ, ಮೋಟಾರು ರಿವೈಂಡಿಂಗ್ ಮಾಡಿಸಲೆಂದು ಗುತ್ತಿಗೆದಾರನ ಕೈಗೇ ಕೊಟ್ಟೆವು. ರಸೀದಿ ಕೇಳಲಿಲ್ಲ. ಹೌದು, ನಾನೇ ಕೇಳಲಿಲ್ಲ.

ಅದೇ ತಿಂಗಳ ಒಂದು ಭಾನುವಾರ ಇಪ್ಪತ್ತು ಜನ ಸೇರಿ ಶ್ರಮದಾನ ಮಾಡಿ ಉದ್ಯಾನದ ಕಳೆಯನ್ನೆಲ್ಲ ಕಿತ್ತೆವು. ನಾನು ಹೆಮ್ಮೆಯಿಂದ ಹದಿನಾಲ್ಕು ಫೋಟೋ ತೆಗೆದು ಇಂಜಿನಿಯರ್ ಅವರ ವಾಟ್ಸಾಪಿಗೆ ಕಳುಹಿಸಿದೆ. "ತುಂಬಾ ಸಂತೋಷ ಸಾರ್, ನಿಮ್ಮಂಥ ನಾಗರಿಕರು ಎಲ್ಲ ವಾರ್ಡಿನಲ್ಲೂ ಇರಬೇಕು" ಎಂದು ಉತ್ತರ ಬಂತು. ಅದನ್ನು ಮನೆಯಾಕೆಗೆ ತೋರಿಸಿದ್ದೆ ಕೂಡ.

ಮಳೆಗಾಲ ಕಳೆದರೂ ಪರಿಸ್ಥಿತಿ ಸುಧಾರಿಸದಿದ್ದಾಗ ಲಿಖಿತ ದೂರು ಕೊಟ್ಟೆ. ಬಂದ ಹಿಂಬರಹದಲ್ಲಿ ಇದ್ದದ್ದು ಒಂದೇ ವಾಕ್ಯ: "ಸದರಿ ಬಡಾವಣೆಯ ಸಂಘದ ಕಾರ್ಯದರ್ಶಿಯವರು ನಿರ್ವಹಣಾ ಕೆಲಸವು ತೃಪ್ತಿಕರವಾಗಿರುವುದಾಗಿ ಲಿಖಿತವಾಗಿ ದೃಢೀಕರಿಸಿರುವುದರಿಂದ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ." ದೂರು ಕೊಟ್ಟವನು ನಾನು. ಕಾರ್ಯದರ್ಶಿಯೂ ನಾನು. ನನ್ನ ದೂರನ್ನು ನನ್ನ ಸಹಿಯಿಂದಲೇ ಮುಚ್ಚಿದ್ದರು.

ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದೆ. 30 ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಸಲ್ಲಿಸಿದ ಮೇಲೆ ಕಡತ ನೋಡಲು ಕರೆದರು. ಗುಮಾಸ್ತರು ಕೊಟ್ಟ ಕಡತವನ್ನು ಬಿಡಿಸುತ್ತ ಹೋದಂತೆ ಅಳತೆ ಪುಸ್ತಕದ ನಕಲಿನಲ್ಲಿ ಹುಲ್ಲು ಕತ್ತರಿಸಿದ ವಿಸ್ತೀರ್ಣ 4,047 ಚದರ ಮೀಟರ್ ಎಂದಿತ್ತು, ಅಂದರೆ ಕರಾರುವಾಕ್ಕಾಗಿ ಒಂದು ಎಕರೆ. ಕಲ್ಲುಹಾಸಿನ ನಡಿಗೆ ಪಥ, ಪಂಪಿನ ಕೊಠಡಿ, ಮಕ್ಕಳ ಜಾರುಬಂಡಿಯ ಕೆಳಗಿನ ಮರಳು, ಎಲ್ಲದರ ಮೇಲೂ ಹುಲ್ಲು ಬೆಳೆದು ಅದನ್ನೂ ಕತ್ತರಿಸಿದ್ದರು. ಮೋಟಾರು ರಿವೈಂಡಿಂಗ್ ಎಂಬ ಬಾಬ್ತಿಗೆ ಬಿಲ್ಲು ಪಾವತಿಯಾಗಿತ್ತು, ಅದೂ ನಾವು ಹಣ ಕೊಟ್ಟ ಅದೇ ವಾರದ ದಿನಾಂಕಕ್ಕೆ. ಮುಂದಿನ ಹಾಳೆ ತಿರುವಿದರೆ ಫೋಟೋಗಳು. ಗುದ್ದಲಿ ಹಿಡಿದು ಬಗ್ಗಿರುವ ನಮ್ಮ ಎದುರು ಮನೆಯ ಮೇಷ್ಟ್ರು, ಬುಟ್ಟಿ ಹೊತ್ತ ಅವರ ಮಗಳು, ಹಿಂದೆ ನಗುತ್ತ ನಿಂತಿರುವ ನಾನು. ಕೆಳಗೆ ಟೈಪು ಮಾಡಿದ ಸಾಲು: "ಗುತ್ತಿಗೆದಾರರಿಂದ ಕಳೆ ತೆಗೆಯುವ ಕೆಲಸ ಪ್ರಗತಿಯಲ್ಲಿರುವುದು." ನನ್ನ ಹದಿನಾಲ್ಕು ಫೋಟೋಗಳಲ್ಲಿ ಒಂಬತ್ತು ಅಲ್ಲಿದ್ದವು. ಆ ಕುರ್ಚಿಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದೆನೋ ನೆನಪಿಲ್ಲ, "ಜೆರಾಕ್ಸ್ ಬೇಕಾ ಸಾರ್?" ಎಂದು ಗುಮಾಸ್ತರು ಎರಡು ಸಲ ಕೇಳಬೇಕಾಯಿತು.

ಇಂಜಿನಿಯರ್ ಅವರನ್ನು ಕೇಳಿದ್ದಕ್ಕೆ, "ಫೋಟೋ ನೀವೇ ಕಳಿಸಿದ್ದು ಸಾರ್, ನಾವೇನು ಕದ್ದಿದ್ದೇವಾ?" ಎಂದರು. ಮೋಟಾರಿನ ವಿಷಯಕ್ಕೆ, "ಹಣ ಕೊಟ್ಟದ್ದು ನಿಮ್ಮ ಮತ್ತು ಗುತ್ತಿಗೆದಾರರ ನಡುವಿನ ಮಾತು, ರಸೀದಿ ಇದ್ದರೆ ತನ್ನಿ" ಎಂದರು. ಗುತ್ತಿಗೆದಾರನಂತೂ ನಗುತ್ತಲೇ, "ಅಂಕಲ್, ನಾಲ್ಕು ಬಿಲ್ಲೂ ನಿಮ್ಮ ಸಹಿಯಿಂದಲೇ ಪಾಸ್ ಆಗಿದ್ದು, ಈಗ ಯಾಕೆ ಕೋಪ?" ಎಂದ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಯ ಕಾಲ ನಡೆಯುತ್ತಿರುವುದರಿಂದ ದೂರು ಹೇಳಿಕೊಳ್ಳಲು ಒಬ್ಬ ವಾರ್ಡ್ ಸದಸ್ಯನೂ ಇಲ್ಲ.

ನಾನು ಸಹಿ ಹಾಕಿದ ನಾಲ್ಕನೆಯ ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಉದ್ಯಾನದ ಈಶಾನ್ಯ ಮೂಲೆಯಲ್ಲಿ ಸಾಮಗ್ರಿ ದಾಸ್ತಾನಿಗೆ ಸಂಘದ ಆಕ್ಷೇಪಣೆ ಇರುವುದಿಲ್ಲ. ಈಗ ಅಲ್ಲಿ ತಗಡಿನ ಶೆಡ್ಡು, ಒಳಗೆ ಬೇರೆ ವಾರ್ಡಿನ ಚರಂಡಿ ಕೆಲಸದ ಪೈಪುಗಳು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ತಳ್ಳಿಹಾಕಿತು, ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಿತು. ಅಲ್ಲಿನ ನಿವಾಸಿಗಳು ವಿರೋಧಿಸಿ ನ್ಯಾಯಾಲಯಕ್ಕೆ ಹೋಗಿದ್ದರು. ಇಲ್ಲಿನ ನಿವಾಸಿಗಳ ಪರವಾಗಿ ನಾನು ಆಕ್ಷೇಪಣೆ ಇಲ್ಲವೆಂದು ಬರೆದುಕೊಟ್ಟಿದ್ದೇನೆ.

ಆದ್ದರಿಂದ ಹೇಳುವುದಿಷ್ಟೇ. ಕೆಲಸ ಅಳೆಯುವುದು ಇಂಜಿನಿಯರ್ ಅವರ ಹೊಣೆ, ಸಂಘದ್ದಲ್ಲ. "ತೃಪ್ತಿಕರ" ಎಂಬ ಪದವಿರುವ ಯಾವ ಕಾಗದಕ್ಕೂ ಸಹಿ ಬೇಡ. ಬರೆದುಕೊಡಲೇಬೇಕಾದರೆ ಮಾಲಿ ಬಂದ ದಿನಗಳನ್ನೂ ಬಾರದ ದಿನಗಳನ್ನೂ ನಿಮ್ಮ ಕೈಬರಹದಲ್ಲೇ ಬರೆದು ಪ್ರತಿ ಇಟ್ಟುಕೊಳ್ಳಿ. ಶ್ರಮದಾನದ ಫೋಟೋದಲ್ಲಿ ಸಂಘದ ಬ್ಯಾನರ್ ಮತ್ತು ದಿನಾಂಕ ಕಾಣುವಂತಿರಲಿ, ಅದಕ್ಕಿಂತ ಮುಖ್ಯವಾಗಿ ಯಾವ ಅಧಿಕಾರಿಗೂ ಹೆಮ್ಮೆಯಿಂದ ಕಳುಹಿಸಬೇಡಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾಲ್ಕೂ ಸಹಿಗಳನ್ನು ಹಿಂಪಡೆಯುತ್ತೇನೆಂದು ಕಾರಣ ಸಹಿತ ಪತ್ರ ಕೊಟ್ಟು, ಅದರ ಪ್ರತಿಯನ್ನು ಲೆಕ್ಕಪರಿಶೋಧನಾ ವಿಭಾಗಕ್ಕೂ ಕಳುಹಿಸಿದ್ದೇನೆ. ಪತ್ರ ತೆಗೆದುಕೊಂಡ ಕಚೇರಿಯವರು ಸ್ವೀಕೃತಿಯ ಮೊಹರು ಹಾಕಲು ಒಪ್ಪಲಿಲ್ಲ. "ಅದೆಲ್ಲ ಯಾಕೆ ಸಾರ್, ನಂಬಿಕೆ ಇಲ್ವಾ?" ಎಂದರು. ಮೊಹರು ಬೀಳುವವರೆಗೆ, ಒಂದೂವರೆ ಗಂಟೆ, ಅವರ ಮೇಜಿನ ಮುಂದೆಯೇ ನಿಂತಿದ್ದೆ.