ಆತಿಥೇಯ ಕುಟುಂಬದೊಡನೆ ಅಮೆರಿಕದ ಒಂದು ಶಾಲಾ ವರ್ಷ: ಕಟ್ಟಿದ ಶುಲ್ಕಕ್ಕೆ ಸಿಕ್ಕಿದ್ದೇನು?

ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಮಗಳು ಬೆಂಗಳೂರಿನಲ್ಲಿ ಕಚೇರಿಯಿರುವ ಸಂಸ್ಥೆಯೊಂದರ ಮೂಲಕ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಪಟ್ಟಣದಲ್ಲಿ, ಅಲ್ಲಿಯ ಕುಟುಂಬವೊಂದರ ಮನೆಯಲ್ಲಿದ್ದು ಒಂದು ಶಾಲಾ ವರ್ಷ ಓದಿ ಶಿರಸಿಗೆ ಮರಳಿದ್ದಾಳೆ. ಆ ಸಂಸ್ಥೆಯ ಸೇವೆಗೆ ನಾನು ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹೆಸರು ಬರೆಯುತ್ತಿಲ್ಲ, ವಿದ್ಯಾರ್ಥಿ ವಿನಿಮಯಕ್ಕೆ ಅಮೆರಿಕ ಕೊಡುವ ಜೆ-1 ವೀಸಾದ ನಿಯಮಗಳು ಈ ಕ್ಷೇತ್ರದ ಎಲ್ಲ ಸಂಸ್ಥೆಗಳಿಗೂ ಒಂದೇ ಆದ್ದರಿಂದ, ಬೇರೆ ಕಡೆ ವಿಚಾರಿಸುವವರಿಗೂ ಈ ಮಾತು ಉಪಯೋಗಕ್ಕೆ ಬರಬಹುದು.

ಪರಿಚಯ ಪುಸ್ತಿಕೆಯ ತುಂಬ ಮನೆ, ಹಿತ್ತಲು, ನಾಯಿ ಮತ್ತು ನಗುವ ಮುಖಗಳ ಚಿತ್ರಗಳಿರುತ್ತವೆ. ಆದರೆ ಈ ವೀಸಾದಡಿ ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಕುಟುಂಬಕ್ಕೆ ಸಂಸ್ಥೆಯು ಹಣ ಕೊಡುವಂತಿಲ್ಲ. ಅವರು ಹಾಸಿಗೆಯನ್ನೂ ಊಟವನ್ನೂ ಕೊಡುವುದು ಸ್ವಂತ ಇಚ್ಛೆಯಿಂದ. ಹಾಗಾದರೆ ಲಕ್ಷಗಟ್ಟಲೆ ಶುಲ್ಕ ಯಾವುದಕ್ಕೆ ಎಂದು ಕೇಳಿದರೆ, ಹದಿನೆಂಟು ದಾಟಿದ ಮನೆಯವರೆಲ್ಲರ ಅಪರಾಧ ಹಿನ್ನೆಲೆಯ ಪರಿಶೀಲನೆ, ಶಾಲೆಯ ಲಿಖಿತ ಒಪ್ಪಿಗೆ, ವಿಮೆ, ಕಾಗದಪತ್ರ, ಇವೆಲ್ಲಕ್ಕಿಂತ ಮುಖ್ಯವಾಗಿ ಸ್ಥಳೀಯ ಸಂಯೋಜಕರ ಕೆಲಸ ಎಂಬುದೇ ಸರಿಯಾದ ಉತ್ತರ. ಮನೆ ಒಳ್ಳೆಯದು ಸಿಗುವುದರಲ್ಲಿ ಅದೃಷ್ಟದ ಪಾಲೂ ಇದೆ. ಸಂಯೋಜಕರು ಒಳ್ಳೆಯವರಾಗಿರುವುದು ಮಾತ್ರ ಸಂಸ್ಥೆಯ ಹೊಣೆ.

ನಿಯಮದ ಪ್ರಕಾರ ಸಂಯೋಜಕರು ವಿದ್ಯಾರ್ಥಿಯನ್ನೂ ಕುಟುಂಬವನ್ನೂ ತಿಂಗಳಿಗೊಮ್ಮೆಯಾದರೂ ಸಂಪರ್ಕಿಸಬೇಕು ಮತ್ತು ಆ ಮನೆಯಿಂದ 120 ಮೈಲಿಯೊಳಗೆ ವಾಸವಾಗಿರಬೇಕು. ಅದೂ ಸಣ್ಣ ದೂರವೇನಲ್ಲ. ಶಿರಸಿಯಿಂದ ಹೊರಟವರು ಕಾರವಾರ ದಾಟಿ ಮಡಗಾಂವಿನವರೆಗೆ ಹೋದ ಹಾಗೆ. ನಮ್ಮ ಪಾಲಿಗೆ ಬಂದವರು ಅದೇ ಪಟ್ಟಣದ ನಿವೃತ್ತ ಶಿಕ್ಷಕಿ. ಅವರ ಬೆಲೆ ತಿಳಿದದ್ದು ಊಟದ ವಿಷಯದಲ್ಲಿ. ಹವ್ಯಕರ ಮನೆಯ ಹುಡುಗಿ, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಅರ್ಜಿಯಲ್ಲಿ ‘ಸಸ್ಯಾಹಾರಿ’ ಎಂಬುದಕ್ಕೆ ಇದ್ದದ್ದು ಒಂದೇ ಚೌಕ, ಅದರಲ್ಲಿ ಮೊಟ್ಟೆಯ ಪ್ರಶ್ನೆಗೆ ಜಾಗವೇ ಇರಲಿಲ್ಲ. ಮೊದಲ ವಾರಗಳಲ್ಲಿ ಅವಳು ಬ್ರೆಡ್ಡು, ಹಣ್ಣು, ಮೊಸರಿನಲ್ಲೇ ದಿನ ಕಳೆಯುತ್ತಿರುವುದನ್ನು ಮನೆಯವರು ಸಂಕೋಚವೆಂದು ತಿಳಿದಿದ್ದರು. ಸಂಯೋಜಕಿ ಬಂದು ಅಡುಗೆಮನೆಯ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ, ಯಾವ ಪಾತ್ರೆ ಅವಳಿಗೆ ಪ್ರತ್ಯೇಕ, ಯಾವ ಸಂಜೆ ಅವಳೇ ಅಡುಗೆ ಮಾಡಬೇಕು, ಮೊಟ್ಟೆ ಹಾಕಿದ ತಿಂಡಿಯನ್ನು ಬೇಡವೆಂದರೆ ಯಾರೂ ಬೇಸರಿಸಬಾರದು ಎಂಬುದನ್ನೆಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದರು. ಆಮೇಲೆ ಪಾಲಕ್ ಸೊಪ್ಪಿನ ತಂಬುಳಿ ಆ ಮನೆಯಲ್ಲಿ ಸಲೀಸಾಗಿ ಒಪ್ಪಿಗೆಯಾಯಿತು, ನಾವು ಕಟ್ಟಿಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾತ್ರ ಅವರು ಕಡೆಯವರೆಗೂ ದೂರದಿಂದಲೇ ಗೌರವಿಸಿದರು.

ಮನೆಗೆ ವಾರಕ್ಕೊಂದೇ ಕರೆ ಎಂಬ ಸಲಹೆ ಮೊದಲಿಗೆ ಕಠಿಣವೆನಿಸಿದರೂ ಅದು ಸರಿಯಾದದ್ದೇ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಹನ್ನೊಂದೂವರೆ ತಾಸಿನ ಅಂತರವಿದ್ದು, ನಾವು ರಾತ್ರಿಯ ಊಟ ಮುಗಿಸುವ ಹೊತ್ತಿಗೆ ಅವಳು ಶಾಲೆಯಲ್ಲಿರುತ್ತಿದ್ದಳು. ದಿನವೂ ಮಾತಾಡಬೇಕೆಂದರೆ ಯಾರಾದರೊಬ್ಬರ ನಿದ್ದೆಯೋ ಪಾಠವೋ ಕೆಡುತ್ತಿತ್ತು. ವರ್ಷದ ಮಧ್ಯೆ ಊರಿಗೆ ಬಂದು ಹೋಗುವುದಕ್ಕೂ ಸಂಸ್ಥೆ ಒಪ್ಪುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಅದೇ ವರ್ಷ ಬಿದ್ದದ್ದರಿಂದ ಅವಳ ಅಜ್ಜಿಗೆ ಸಂಸ್ಥೆಯ ಮೇಲೆ ಇಂದಿಗೂ ಅಸಮಾಧಾನವಿದೆ, ಅದನ್ನು ನಾನು ಅಂಕದಲ್ಲಿ ಸೇರಿಸಿಲ್ಲ.

ಕಳೆದ ಅಂಕಗಳೆಲ್ಲ ಬೆಂಗಳೂರು ಕಚೇರಿಯ ಲೆಕ್ಕದವು. ಶಾಲೆಗೆ ಲಸಿಕೆಗಳ ದಾಖಲೆ ಬೇಕೆಂದು ಹೇಳಿದ್ದರೇ ಹೊರತು, ಸರಕಾರಿ ಆಸ್ಪತ್ರೆಯ ತಾಯಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಇಲ್ಲದ ಸೀತಾಳೆ ಸಿಡುಬಿನ ಲಸಿಕೆಯನ್ನು, ಅಂದರೆ ಚಿಕನ್ ಪಾಕ್ಸ್ ಲಸಿಕೆಯನ್ನು, ಮೊದಲೇ ಹಾಕಿಸಿರೆಂದು ಯಾರೂ ಎಚ್ಚರಿಸಲಿಲ್ಲ. ಕ್ಷಯದ ಚರ್ಮ ಪರೀಕ್ಷೆಯದೂ ಇದೇ ಕಥೆ: ಬಿಸಿಜಿ ಹಾಕಿಸಿಕೊಂಡ ನಮ್ಮ ಮಕ್ಕಳಿಗೆ ಸೋಂಕಿಲ್ಲದಿದ್ದರೂ ಅದು ಪಾಸಿಟಿವ್ ಬರಬಹುದು, ರಕ್ತ ಪರೀಕ್ಷೆಗೆ ಆ ಗೊಂದಲವಿಲ್ಲ. ಇದನ್ನೂ ನಮಗೆ ಹೇಳಿದವರು ಆ ಸಂಯೋಜಕಿಯೇ. ವಿಮೆಯ ಬಗ್ಗೆ ದೂರಿಲ್ಲ. ಪ್ರತಿ ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರಿನ ರಕ್ಷಣೆ ಇರಲೇಬೇಕೆಂದು ನಿಯಮವೇ ಹೇಳುತ್ತದೆ, ಹಲ್ಲಿನ ಚಿಕಿತ್ಸೆ ನಮ್ಮ ಪಾಲಿಸಿಯಲ್ಲಿ ಇರಲಿಲ್ಲ.

ನನ್ನ ದೊಡ್ಡ ಆಕ್ಷೇಪ ಮರಳಿ ಬಂದ ಮೇಲಿನದು. ಅಲ್ಲಿಯ ವರ್ಷ ಪ್ರಥಮ ಪಿಯುಸಿಗೆ ಸಮವಾಗುತ್ತದೆ ಎಂದು ಬಾಯಿಮಾತಿನಲ್ಲಿ ಭರವಸೆ ಕೊಟ್ಟಿದ್ದರು. ಅವಳು ತಂದದ್ದು ಇಂಗ್ಲಿಷ್, ಅಮೆರಿಕದ ಇತಿಹಾಸ, ರಸಾಯನಶಾಸ್ತ್ರ, ಬೀಜಗಣಿತ, ವಾದ್ಯವೃಂದಗಳ ಅಂಕಪಟ್ಟಿ; ಭೌತಶಾಸ್ತ್ರವಾಗಲಿ ಜೀವಶಾಸ್ತ್ರವಾಗಲಿ ಅದರಲ್ಲಿ ಇರಲಿಲ್ಲ. ವಿಜ್ಞಾನ ವಿಭಾಗ ಬಯಸಿದ ಅವಳನ್ನು ಕಾಲೇಜಿನವರು ಪ್ರಥಮ ಪಿಯುಸಿಗೇ ಸೇರಿಸಿಕೊಂಡರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ವರ್ಷ ಹೆಚ್ಚಾಗುತ್ತದೆಂದು ಮೊದಲೇ ನೇರವಾಗಿ ಹೇಳಿದ್ದರೂ ನಾವು ಕಳಿಸುತ್ತಿದ್ದೆವು. ಹೇಳದೆ ಶುಲ್ಕ ಪಡೆದದ್ದು ವ್ಯವಹಾರದ ದೃಷ್ಟಿಯಿಂದ ಒಪ್ಪತಕ್ಕದ್ದಲ್ಲ.

ಹಣದ ಅನುಕೂಲವಿಲ್ಲದವರು 2002ರಲ್ಲಿ ಅಮೆರಿಕ ಸರಕಾರ ಆರಂಭಿಸಿದ ಕೆನಡಿ-ಲೂಗರ್ ಯೆಸ್ ವಿದ್ಯಾರ್ಥಿವೇತನದ ಬಗ್ಗೆಯೂ ವಿಚಾರಿಸಬಹುದು. ಭಾರತದ ಮಕ್ಕಳೂ ಅದರಲ್ಲಿ ಹೋಗಿ ಬಂದಿದ್ದಾರೆ. ಶುಲ್ಕ ಕೊಟ್ಟೇ ಕಳಿಸುವವರು ಕೊನೆಯ ಕಂತು ಕಟ್ಟುವ ಮೊದಲು ಸಂಯೋಜಕರ ಊರು ಯಾವುದು, ಅವರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಶಾಲೆ ಯಾವ ವಿಷಯಗಳನ್ನು ಕೊಡಬಲ್ಲದು ಎಂಬ ಮೂರಕ್ಕೂ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ಮೊದಲೆರಡಕ್ಕೆ ನಮ್ಮ ಸಂಸ್ಥೆ ಕೇಳಿದ ವಾರದಲ್ಲೇ ಉತ್ತರಿಸಿತು. ಮೂರನೆಯದಕ್ಕೆ ಅವಳು ವಿಮಾನ ಹತ್ತುವವರೆಗೂ ಉತ್ತರ ಬರಲಿಲ್ಲ.