ಹಳೆಯ ಚೆರೋಕಿಗೆ ಹೊಸ ಹೆಡರ್: ಟಿಕ್ ಟಿಕ್ ಹೋಯಿತು, ತಲೆನೋವು ಬಂತು

ಮೊದಲೇ ಹೇಳಿಬಿಡುತ್ತೇನೆ. ಹೆಡರ್, ಅಂದರೆ ಎಂಜಿನ್‌ನ ಹೊಗೆಯನ್ನು ಹೊರಕ್ಕೆ ಸಾಗಿಸುವ ಕೊಳವೆಗಳ ಗೊಂಚಲು, ಚೆನ್ನಾಗಿದೆ. ಆದರೆ ಅದನ್ನು ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೆ ಒತ್ತಿ ಹಿಡಿಯುವ ವಾಷರ್‌ಗಳ ವಿಷಯ ಎತ್ತಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಈ ವಿಮರ್ಶೆಯಲ್ಲಿ ಜಾಸ್ತಿ ಜಾಗ ಹಿಡಿಯುವುದು ಆ ವಾಷರ್‌ಗಳೇ. ಹಾರ್ಸ್‌ಪವರ್ ಎಷ್ಟು ಏರಿತು ಅಂತ ಓದಲು ಬಂದವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಗಾಡಿ 90ರ ದಶಕದ ನಡುವಿನ ಜೀಪ್ ಚೆರೋಕಿ, ಎಕ್ಸ್‌ಜೆ ಅನ್ನುವ ಮಾದರಿ. ಎಂಜಿನ್ 4.0 ಲೀಟರಿನದು, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. 1987ರ ಮಾಡೆಲ್‌ನಲ್ಲಿ ಬಂದು 2006ರವರೆಗೂ ನಡೆದ ಎಂಜಿನ್ ಇದು. ಹಳೆಯ ಕಾಲದ ಗಟ್ಟಿ ಜೀವ. ಆದರೆ ವಯಸ್ಸಾದ ಮೇಲೆ ಇದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಗಾಡಿಯ ಜೊತೆಗೇ ಬರುವ ಹೊಗೆ ಕೊಳವೆ, ಹೆಡರ್ ಕೂರುವುದು ಇದರ ಜಾಗದಲ್ಲೇ) ಬಿರುಕು ಬಿಡುವ ಕಥೆ ಇದನ್ನು ಇಟ್ಟುಕೊಂಡವರಿಗೆಲ್ಲ ಗೊತ್ತು, ಅಲ್ವಾ?

ನನ್ನ ಗಾಡಿಯದೂ ಅದೇ ಕಥೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಟಿಕ್. ಎಂಜಿನ್ ಬಿಸಿಯಾಗುತ್ತಾ ಬಂದ ಹಾಗೆ ಸದ್ದು ಮಾಯ. ಲೋಹ ಹಿಗ್ಗಿ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಎಷ್ಟೋ ಜನ ಇದನ್ನು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಅಂದುಕೊಂಡು ಆಯಿಲ್ ಬದಲಿಸುತ್ತಾ ಕೂರುತ್ತಾರೆ. ನನ್ನ ಮ್ಯಾನಿಫೋಲ್ಡ್‌ನ ಕೊಳವೆಗಳು ಸೇರುವ ಜಾಗದಲ್ಲಿ ಮಸಿಯ ಗೆರೆ ಎದ್ದು ಕಾಣುತ್ತಿತ್ತು. ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಸುಮ್ನೆ ಸದ್ದು ತಾನೇ ಅಂತ ಬಿಡುವ ಹಾಗೂ ಇಲ್ಲ. ಬಿರುಕು ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್‌ಗೆ ಮಿಶ್ರಣ ತೆಳುವಾಗಿದೆ ಅನ್ನಿಸುತ್ತದೆ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಅದಕ್ಕಿಂತ ಮುಖ್ಯ ಕಾರ್ಬನ್ ಮಾನಾಕ್ಸೈಡ್. ಬಾನೆಟ್ ಕೆಳಗೆ ಸೋರಿದ ಹೊಗೆ ಕ್ಯಾಬಿನ್ ಒಳಗೆ ನುಗ್ಗಲು ದಾರಿ ಹುಡುಕುತ್ತಲೇ ಇರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಬಿರುಕಿಗೆ ವೆಲ್ಡಿಂಗ್ ಮಾಡಿಸಬಹುದಿತ್ತು. ಆದರೆ ಅದು ಬಿರುಕು ಬಿಟ್ಟ ಕಾರಣವನ್ನು ವೆಲ್ಡಿಂಗ್ ಸರಿ ಮಾಡುವುದಿಲ್ಲ. ಎಂಜಿನನ್ನು ಹೊತ್ತು ಹಿಡಿಯುವ ಮೌಂಟ್‌ಗಳು ಸವೆದು ಕುಸಿದಿದ್ದರೆ ಎಂಜಿನ್ ಪ್ರತಿ ಸಲ ಹೊರಳಿದಾಗಲೂ ಕೆಳಗಿನ ಪೈಪ್ ಮ್ಯಾನಿಫೋಲ್ಡನ್ನು ಜಗ್ಗುತ್ತದೆ. ನಾನು ಮೊದಲು ದುಡ್ಡು ಹಾಕಿದ್ದು ಮೌಂಟ್‌ಗಳಿಗೆ. ಆಮೇಲೆ ಹೆಡರ್ ಹುಡುಕಲು ಕೂತೆ.

ನನ್ನ ಓಡಾಟ ನಿಧಾನದ್ದು. ಲೋ ರೇಂಜ್ (ನಿಧಾನದ, ಬಲದ ಗಿಯರ್) ಹಾಕಿ ಕಲ್ಲು ಹತ್ತುವುದು, ಕೆಸರಿನಲ್ಲಿ ತೆವಳುವುದು. ಹಾಗಾಗಿ ಉದ್ದ ಕೊಳವೆಯ ಹೆಡರ್‌ಗಳನ್ನು ನೋಡಲೇ ಇಲ್ಲ. ಅವು ಕೆಳಗಿಳಿದಷ್ಟೂ ಕಲ್ಲಿಗೆ ತಾಗುವ ಭಯ ಜಾಸ್ತಿ. ಕೊಳವೆ ತೀರಾ ಅಗಲವಿದ್ದರೂ ನಷ್ಟವೇ. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ವೇಗ ಕುಗ್ಗಿ, ಕೆಳಗಿನ ಟಾರ್ಕ್ (ಎಳೆಯುವ ಬಲ) ಸೊರಗುತ್ತದೆ. ಈ ಎಂಜಿನ್‌ನ ಸೊಗಸೇ ಆ ಟಾರ್ಕ್. ಅದನ್ನು ಕಳೆದುಕೊಂಡು ಮೇಲಿನ ಆರ್‌ಪಿಎಂನಲ್ಲಿ ನಾಲ್ಕು ಕುದುರೆ ಕಟ್ಟಿಕೊಂಡು ನಾನೇನು ಮಾಡಲಿ?

ಇನ್ನು ಲೋಹದ ಮಾತು. ಮೈಲ್ಡ್ ಸ್ಟೀಲ್‌ದು ಅಗ್ಗ. ಆದರೆ ನೀರು, ಕೆಸರಿನಲ್ಲಿ ಓಡಾಡುವ ಗಾಡಿಗೆ ತುಕ್ಕು ಬೇಗ ಹಿಡಿಯುತ್ತದೆ. ಅದಕ್ಕೆ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಚೆನ್ನ, ಆದರೆ ಆಗ ಅಗ್ಗ ಅನ್ನುವ ಮಾತು ಉಳಿಯುವುದಿಲ್ಲ. ಸ್ಟೇನ್‌ಲೆಸ್ 304ಕ್ಕೆ ತುಕ್ಕಿನ ಕಾಟ ಕಮ್ಮಿ, ಆದರೆ ಅದು ಹಿಗ್ಗುವುದು ಜಾಸ್ತಿ. ಅರವತ್ತು ಸೆಂಟಿಮೀಟರ್ ಉದ್ದದ 304 ತುಂಡನ್ನು 500 ಡಿಗ್ರಿ ಬಿಸಿ ಮಾಡಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಎರಕದ ಕಬ್ಬಿಣ ಬೆಳೆಯುವುದು 3ಕ್ಕಿಂತ ಸ್ವಲ್ಪ ಮೇಲೆ. ಹೆಡ್ ಎರಕದ ಕಬ್ಬಿಣದ್ದು, ಅದೂ ಕೂಲಂಟ್‌ನಿಂದ ತಣ್ಣಗಿರುವಂಥದ್ದು. ಹೆಡರ್‌ನ ಕೊಳವೆಗಳು ಅದರ ಪಕ್ಕದಲ್ಲೇ ಕೆಂಡದಂತೆ ಕಾಯುತ್ತವೆ. ಹೀಗೆ ದಿನಾ ಹಿಗ್ಗಿ ಕುಗ್ಗುವ ಜಗ್ಗಾಟದಲ್ಲೇ ಬಿರುಕು ಹುಟ್ಟುವುದು. ಅದಕ್ಕಾಗಿ ಕೆಲವು ಹೆಡರ್‌ಗಳಲ್ಲಿ ಸುಕ್ಕು ಸುಕ್ಕಾದ ಬೆಲ್ಲೋಸ್ ತುಂಡು ಇಟ್ಟಿರುತ್ತಾರೆ. ನಾನು ತಗೊಂಡಿದ್ದು ಅಂಥದ್ದೇ: 304, ಪಾಲಿಶ್ ಇಲ್ಲದ್ದು. ಪಾಲಿಶ್‌ಗೆ ಕೊಡುವ ಹಣ ನನ್ನ ಜೇಬಿಗೆ ಭಾರ. ಮೇಲಾಗಿ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್) ಕೆಳಗೆ ಅಡಗಿ ಕೂರುವ ವಸ್ತುವಿಗೆ ಹೊಳಪು ಯಾಕೆ?

ಹೀಟ್ ವ್ರ್ಯಾಪ್ (ಶಾಖ ತಡೆಯುವ ಪಟ್ಟಿ) ಸುತ್ತು ಅಂತ ಸಲಹೆ ಕೊಟ್ಟವರಿದ್ದಾರೆ. ರಸ್ತೆ ಗಾಡಿಗೆ ಬೇಕಾದರೆ ಒಪ್ಪಬಹುದೇನೋ, ಗೊತ್ತಿಲ್ಲ. ಕೆಸರು ನೀರಿಗೆ ಇಳಿಯುವ ಗಾಡಿಗೆ ಬೇಡವೇ ಬೇಡ. ಒದ್ದೆಯನ್ನು ಹಿಡಿದಿಟ್ಟುಕೊಂಡು ಲೋಹವನ್ನು ತಿಂದುಹಾಕುತ್ತದೆ.

ಕಟ್ಟು ಬಿಚ್ಚಿದಾಗ ಖುಷಿಯೇ ಆಯಿತು. ಪೋರ್ಟ್ (ಹೊಗೆ ಹಾಯುವ ತೂತು) ಒಳಗೆ ಬೆರಳಾಡಿಸಿ ನೋಡಿದೆ. ವೆಲ್ಡಿಂಗ್ ಗಂಟುಗಳು ಒಳಗೆ ಚಾಚಿಕೊಂಡಿರಲಿಲ್ಲ. ಗಾಜಿನ ಮೇಲಿಟ್ಟು ನೋಡಿದರೆ ಫ್ಲ್ಯಾಂಜ್, ಅಂದರೆ ಹೆಡ್‌ಗೆ ಕೂರುವ ಚಪ್ಪಟೆ ಪಟ್ಟಿ, ಅಲುಗಾಡಲಿಲ್ಲ. ಫ್ಲ್ಯಾಂಜ್ ಒಳ್ಳೆ ದಪ್ಪ. ಜಾಹೀರಾತಿನಲ್ಲೂ ಅದನ್ನೇ ದೊಡ್ಡದಾಗಿ ಹಾಕಿದ್ದರು: ದಪ್ಪ ಫ್ಲ್ಯಾಂಜ್, ಸೊಟ್ಟಗಾಗುವುದಿಲ್ಲ, ಸೋರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬಿಚ್ಚುವ ಕೆಲಸದ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಎಕ್ಸಾಸ್ಟ್ ತೆಗೆಯಬೇಕೆಂದರೆ ಮೇಲಿನ ಇನ್‌ಟೇಕ್ ಎತ್ತಲೇಬೇಕು. ಅಂದರೆ ಏರ್ ಫಿಲ್ಟರ್ ಪೈಪ್, ಥ್ರಾಟಲ್ ಕೇಬಲ್, ಫ್ಯೂಯಲ್ ರೈಲ್, ಪವರ್ ಸ್ಟೀರಿಂಗ್ ಪಂಪ್ ಎಲ್ಲವೂ ಸರಿಯಬೇಕು. ಫ್ಯೂಯಲ್ ರೈಲ್ ಮುಟ್ಟುವ ಮುಂಚೆ ಪೆಟ್ರೋಲ್ ಒತ್ತಡ ಇಳಿಸಿಕೊಳ್ಳಿ. ವ್ಯಾಕ್ಯೂಮ್ ಕೊಳವೆಗಳ ಪ್ಲಾಸ್ಟಿಕ್ ಇಷ್ಟು ವರ್ಷದ ಬಿಸಿಗೆ ಹಪ್ಪಳವಾಗಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ. ಕೆಳಗಿನ ಪೈಪ್‌ನ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಅದರಿಂದ ಬದುಕಿದೆ. ಒಂದು ಬೋಲ್ಟ್ ಹೆಡ್ ಒಳಗೆ ಮುರಿದಿದ್ದರೆ ಕೆಲಸದ ಲೆಕ್ಕವೇ ಬೇರೆಯಾಗುತ್ತಿತ್ತು.

ಹಿಂಬದಿಯ ಕೆಳಗಿನ ಬೋಲ್ಟ್ ಬಗ್ಗೆ ಮಾತ್ರ ಎರಡು ಮಾತು. ಅದು ಕಣ್ಣಿಗೆ ಕಾಣುವುದಿಲ್ಲ. ಉದ್ದದ ಎಕ್ಸ್‌ಟೆನ್ಷನ್, ತುದಿಗೆ ಯೂನಿವರ್ಸಲ್ ಜಾಯಿಂಟ್, ಇನ್ನೊಂದು ಕೈಯ ಬೆರಳಲ್ಲಿ ಸಾಕೆಟ್‌ಗೆ ದಾರಿ ತೋರಿಸುವುದು. ಕೈಗೆ ಅದರ ಜಾಗ ಒಮ್ಮೆ ಗೊತ್ತಾದರೆ ಆಮೇಲೆ ಕಣ್ಣು ಬೇಕಿಲ್ಲ. ಬಿಗಿ ಮಾಡುವುದು ನಡುವಿನಿಂದ ಶುರು ಮಾಡಿ ಎರಡೂ ತುದಿಗೆ, ಸುಮಾರು 24 ಪೌಂಡ್-ಅಡಿ, ಅಂದರೆ 32 ನ್ಯೂಟನ್ ಮೀಟರ್‌ನಷ್ಟು. ಇದು ತೀರಾ ಕಮ್ಮಿ ಅನ್ನಿಸಬಹುದು. ತೋಳಿನ ಬಲ ತೋರಿಸುವ ಜಾಗ ಇದಲ್ಲ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಡೀ ಹೆಡರನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಇಲ್ಲದಿದ್ದರೆ ಬೆರಳಿನ ಗುರುತುಗಳು ಸ್ಟೇನ್‌ಲೆಸ್ ಮೇಲೆ ಸುಟ್ಟು ಶಾಶ್ವತವಾಗಿ ಉಳಿಯುತ್ತವೆ. ಎಣ್ಣೆ ಪಸೆ ಸುಟ್ಟು ಒಂದಿಷ್ಟು ಹೊಗೆ ಬಂತು, ನಿಂತಿತು. ಟಿಕ್ ಟಿಕ್ ಇಲ್ಲ! ಅಷ್ಟು ವರ್ಷ ಆ ಸದ್ದಿನ ಕೆಳಗೆ ಮುಚ್ಚಿಹೋಗಿದ್ದ ಇಂಜೆಕ್ಟರ್‌ಗಳ ಸಣ್ಣ ಚಿಟಿಚಿಟಿ ಆ ದಿನ ಕೇಳಿಸಿತು.

ಖುಷಿ ಬಹಳ ದಿನ ಉಳಿಯಲಿಲ್ಲ.

ಕೆಲವು ವಾರಗಳಲ್ಲಿ ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಕುಣಿಯಲು ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ತಾನೇ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಎಕ್ಸಾಸ್ಟ್ ಸೋರುತ್ತಿರಲಿಲ್ಲ. ನನ್ನ ಹತ್ತಿರ ಒಂದು ಹಳೆಯ ರಬ್ಬರ್ ಹೋಸ್ ಇದೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಜಾಯಿಂಟ್‌ಗಳ ಉದ್ದಕ್ಕೂ ಆಡಿಸುತ್ತಾ ಹೋಗುತ್ತೇನೆ, ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರ ಇಟ್ಟುಕೊಂಡು. ಅದರಲ್ಲಿ ಸಿಕ್ಕಿತು: ನಡುವಿನ ಎರಡು ಪೋರ್ಟ್‌ಗಳ ಹತ್ತಿರ ಸಣ್ಣಗೆ ಸುಯ್ಯೆನ್ನುವ ಸದ್ದು. ಎಂಜಿನ್ ತಣ್ಣಗಿದ್ದಾಗ ಅಲ್ಲಿಗೆ ಸ್ವಲ್ಪ ನೀರು ಸಿಂಪಡಿಸಿದರೆ ಐಡಲ್ ತಡವರಿಸುತ್ತಿತ್ತು. ಸೋರುತ್ತಿದ್ದದ್ದು ಇನ್‌ಟೇಕ್. (ಇದಕ್ಕೆ ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ. ಕಾದ ಹೆಡರ್ ಪಕ್ಕದಲ್ಲಿ ಬೆಂಕಿ ಹತ್ತುವ ದ್ರವ, ದಯವಿಟ್ಟು ಬೇಡ.)

ಕಾರಣ ಆ ದಪ್ಪ ಫ್ಲ್ಯಾಂಜ್. ಈ ಎಂಜಿನ್‌ನಲ್ಲಿ ಎರಡು ಮ್ಯಾನಿಫೋಲ್ಡ್‌ಗೂ ಸೇರಿ ಒಂದೇ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ). ಕೆಲವು ಬೋಲ್ಟ್‌ಗಳೂ ಹಂಚಿಕೆಯವು. ಬೋಲ್ಟ್ ಕೆಳಗಿನ ದಪ್ಪ ವಾಷರ್ ಅರ್ಧ ಇನ್‌ಟೇಕ್ ಕಿವಿಯ (ಬೋಲ್ಟ್‌ಗಾಗಿ ಚಾಚಿದ ಅಂಚಿನ) ಮೇಲೆ, ಅರ್ಧ ಎಕ್ಸಾಸ್ಟ್ ಫ್ಲ್ಯಾಂಜ್ ಮೇಲೆ ಕೂತು ಎರಡನ್ನೂ ಒಟ್ಟಿಗೆ ಒತ್ತಬೇಕು. ಎರಡರ ದಪ್ಪವೂ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ. ವರ್ನಿಯರ್ ಹಿಡಿದು ನೋಡಿದರೆ ಹೊಸ ಹೆಡರ್‌ನ ಫ್ಲ್ಯಾಂಜ್ ಸುಮಾರು ಒಂದು ಮಿಲಿಮೀಟರ್ ಹೆಚ್ಚು ದಪ್ಪ. ವಾಷರ್ ವಾಲಿಕೊಂಡಿತ್ತು. ಬೋಲ್ಟಿನ ಬಲವೆಲ್ಲ ಎಕ್ಸಾಸ್ಟ್ ಮೇಲೆ, ಇನ್‌ಟೇಕ್ ಕಿವಿಗೆ ಬರೀ ಅಂಚು ತಾಗುತ್ತಿತ್ತು. ಹೊಸ ಗ್ಯಾಸ್ಕೆಟ್ ಬಿಸಿಗೆ ಕುಗ್ಗಿ ಕೂತ ಮೇಲೆ ಆ ಅಂಚಿನ ಹಿಡಿತವೂ ಹೋಯಿತು.

ತಯಾರಕರಿಗೆ ಬರೆದೆ. "ದಪ್ಪ ಫ್ಲ್ಯಾಂಜ್ ನಮ್ಮ ವಿಶೇಷತೆ, ಬೋಲ್ಟ್ ಇನ್ನಷ್ಟು ಬಿಗಿ ಮಾಡಿ" ಅಂತ ಉತ್ತರ. ಬಿಗಿ ಮಾಡಿದರೆ ವಾಷರ್ ಇನ್ನಷ್ಟು ವಾಲುತ್ತದೆಯೇ ಹೊರತು ಇನ್‌ಟೇಕ್ ಕೂರುವುದಿಲ್ಲ. ಒಂದೇ ಎಂಜಿನ್‌ಗೆ ಅಂತ ಮಾಡಿ ಮಾರುವವರು ಆ ಎಂಜಿನ್‌ನ ಇನ್‌ಟೇಕ್ ಕಿವಿಯನ್ನು ಒಮ್ಮೆ ಅಳೆಯಬಾರದಿತ್ತೇ? ಬೆಲ್ಲೋಸ್ ಇಡುವಷ್ಟು ಯೋಚಿಸಿದವರಿಗೆ ವಾಷರ್ ಕಾಣಲಿಲ್ಲವೇ?

ಕೊನೆಗೆ ಲೇತ್ ಕೆಲಸ ಗೊತ್ತಿರುವ ಒಬ್ಬರ ಹತ್ತಿರ ಹೋದೆ. ಅವರು ವಾಷರ್ ತಿರುಗಿಸಿ ನೋಡಿ ನಕ್ಕರು. ಗಟ್ಟಿ ಉಕ್ಕಿನಲ್ಲಿ ಮೆಟ್ಟಿಲಿರುವ ವಾಷರ್‌ಗಳನ್ನು ಮಾಡಿಕೊಟ್ಟರು, ಒಂದು ಅರ್ಧ ದಪ್ಪ, ಇನ್ನೊಂದು ಅರ್ಧ ತೆಳು. ದಪ್ಪ ಭಾಗ ಇನ್‌ಟೇಕ್ ಕಡೆಗೆ. ಬೋಲ್ಟ್ ಬಿಗಿಯುವಾಗ ವಾಷರ್ ತಿರುಗದಂತೆ ಹಿಡಿದುಕೊಳ್ಳಬೇಕು, ಅದೊಂದು ಕಿರಿಕಿರಿ. ಮತ್ತೆ ಎಲ್ಲ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮತ್ತೊಮ್ಮೆ ಟಾರ್ಕ್ ವ್ರೆಂಚ್ ಹಿಡಿದೆ. ಆಮೇಲೆ ಐಡಲ್ ಕುಣಿದಿಲ್ಲ.

ಈಗ ಸಿಟ್ಟು ಬದಿಗಿಟ್ಟು ನೋಡಿದರೆ ಹೆಡರ್ ಮೇಲೆ ಹೇಳಲು ದೂರಿಲ್ಲ. ಬಣ್ಣ ಮೊದಲು ಚಿನ್ನದ ಹಾಗಾಯಿತು, ಆಮೇಲೆ ಕಂದು, ಪೋರ್ಟ್ ಹತ್ತಿರ ನೀಲಿ. ಕಾದಿದ್ದಾಗಲೇ ಹಳ್ಳದ ನೀರು ಎರಚಿಸಿಕೊಂಡಿದೆ, ಬೆಲ್ಲೋಸ್‌ನಲ್ಲಿ ಬಿರುಕಿಲ್ಲ. ಬಲ ಹೆಚ್ಚಾದ ಹಾಗೆ ನನಗೆ ಅನ್ನಿಸಿಲ್ಲ. ಹಳೆಯ ಸೈಲೆನ್ಸರ್, ಹಳೆಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಗೇ ಇರುವಾಗ ಅನ್ನಿಸಬೇಕಾಗಿಯೂ ಇಲ್ಲ. ಪೆಟ್ರೋಲ್ ಮಾತ್ರ ಸ್ವಲ್ಪ ಉಳಿಯುತ್ತಿದೆ. ಅದು ಹೆಡರ್‌ನ ಗುಣ ಅಲ್ಲ, ಸೋರುವಿಕೆ ನಿಂತಿದ್ದರ ಫಲ. ಕೊಳವೆ ತೆಳು, ಹಾಗಾಗಿ ವೇಗ ಏರಿಸಿದಾಗ ಸದ್ದಿಗೆ ಸ್ವಲ್ಪ ಲೋಹದ ದನಿ ಸೇರಿದೆ. ನಿಲ್ಲಿಸಿದ ಮೇಲೆ ತಣ್ಣಗಾಗುತ್ತಾ ಟಿಣ್ ಟಿಣ್ ಅನ್ನುತ್ತದೆ, ನನಗದು ಇಷ್ಟ.

ಹೋಸ್ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಕಾಡಿಗೆ ಹೊರಡುವ ದಿನ ಬೆಳಿಗ್ಗೆ ಬಾನೆಟ್ ಎತ್ತಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಮುಂದಿನ ಪೋರ್ಟ್‌ನಿಂದ ಹಿಂದಿನವರೆಗೆ ಕಿವಿ ಇಟ್ಟು ಬರುತ್ತೇನೆ. ಬಿಸಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ, ಇದ್ದ ಸೋರಿಕೆಯೂ ಅಡಗಿಕೊಂಡಿರುತ್ತದೆ. ಮನೆಯವರಿಗೆ ಇದು ಹುಚ್ಚು. ನನಗೆ ದಿನದ ಒಳ್ಳೆಯ ಹೊತ್ತು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಉಳಿದ ಒಂದು ಲೇತ್‌ನವರಿಗೆ ಸೇರಬೇಕು. ನೀವು ತಗೊಳ್ಳುವುದಾದರೆ ಲೋಹ ಯಾವುದು ಅಂತ ಕೇಳುವ ಮುಂಚೆ ಫ್ಲ್ಯಾಂಜ್ ಎಷ್ಟು ಮಿಲಿಮೀಟರ್ ಅಂತ ಕೇಳಿ, ನಿಮ್ಮ ಇನ್‌ಟೇಕ್ ಕಿವಿಯನ್ನು ಅಳೆದು ಹೋಲಿಸಿ. ಆಕ್ಸಿಜನ್ ಸೆನ್ಸರ್ ಕೂರುವ ತೂತು ಹಳೆಯ ಜಾಗದಲ್ಲೇ ಇದೆಯಾ ನೋಡಿ, ಇಲ್ಲದಿದ್ದರೆ ವೈರ್ ಎಟುಕುವುದಿಲ್ಲ. ಜಾಯಿಂಟ್‌ಗೆ ಸಾಮಾನ್ಯ ಸಿಲಿಕೋನ್ ಅಂಟು ಬಳಿಯಬೇಡಿ, ಅದರ ಆವಿ ಸೆನ್ಸರನ್ನು ಕೆಡಿಸುತ್ತದೆ. 2000 ಮತ್ತು 2001ರ ಮಾಡೆಲ್‌ನ ಚೆರೋಕಿ ಎಕ್ಸ್‌ಜೆ ಇದ್ದವರಿಗೆ ಈ ಹೆಡರ್ ಹೊಂದುವುದಿಲ್ಲ. ಅವುಗಳಲ್ಲಿ ಮೂರು ಮೂರು ಸಿಲಿಂಡರ್‌ಗೆ ಬೇರೆ ಬೇರೆ ಮ್ಯಾನಿಫೋಲ್ಡ್ ಇರುತ್ತದೆ.