ಅರವತ್ತು ಜನರ ಪಾರ್ಟಿ, ನಾಲ್ಕು ಕಡೆಯ ದರ: ಯಾವ ರಿಯಾಯಿತಿ ನಿಜಕ್ಕೂ ಅಗ್ಗ?

ಶಿರಸಿಯಲ್ಲೋ ಕಾರವಾರದಲ್ಲೋ ಮಗುವಿನ ಹುಟ್ಟುಹಬ್ಬಕ್ಕೆ ಸಾಮಾನು ತರಲು ಹೊರಟರೆ ಒಂದು ಅಂಗಡಿಯಲ್ಲಿ ‘ಎರಡು ಕೊಂಡರೆ ಒಂದು ಉಚಿತ’ ಎಂಬ ಬೋರ್ಡು, ಎದುರಿನದರಲ್ಲಿ ‘ಶೇ. 30 ಕಡಿತ’, ಮೊಬೈಲಿನಲ್ಲಿ ‘ಶೇ. 50ರವರೆಗೆ’. ಹಳ್ಳಿಯ ಅಡಿಕೆ ಹಾಳೆ ತಟ್ಟೆ ಘಟಕದಲ್ಲಿ ಮಾತ್ರ ಬೋರ್ಡೇ ಇಲ್ಲ, ಬಿಡಿ ದರ ಅಷ್ಟೇ. ಈ ನಾಲ್ಕನ್ನೂ ತೂಗಲು ಶೇಕಡಾ ಲೆಕ್ಕ ಸಾಲದು. ಕೈಯಿಂದ ಹೋದ ಒಟ್ಟು ಹಣವನ್ನು ಭಾಗಿಸಬೇಕಾದ್ದು ಕೊಂಡ ಸಂಖ್ಯೆಯಿಂದಲ್ಲ, ನಿಜವಾಗಿ ಬಳಕೆಯಾಗುವ ಸಂಖ್ಯೆಯಿಂದ. ಇಷ್ಟು ಮಾಡಿದರೆ ಎಷ್ಟೋ ಸಲ ಗೆಲ್ಲುವ ಅಂಗಡಿಯೇ ಬದಲಾಗುತ್ತದೆ.

ಕೆಳಗೆ ಹಾಕಿದ ದರಗಳು ಲೆಕ್ಕ ತೋರಿಸಲು ಹಿಡಿದವು. ಹಂಗಾಮಿಗೆ ತಕ್ಕಂತೆ, ಊರಿಗೆ ತಕ್ಕಂತೆ ದರ ಏರಿಳಿಯುತ್ತದೆ. ನಿಮಗೆ ಸಿಕ್ಕ ಅಂಕಿಯನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿ.

ಅಂಗಡಿಗೆ ಹೋಗುವ ಮೊದಲು ಎಣಿಕೆ ಮುಗಿದಿರಬೇಕು. 60 ಜನಕ್ಕೆ ತಟ್ಟೆ 66 ಸಾಕು. ಮಕ್ಕಳು ಕೆಡವುವುದು, ತಿಂಡಿಗೊಂದು ಕೇಕಿಗೊಂದು ಕೇಳುವುದು ಎಲ್ಲ ಸೇರಿ ಶೇ. 10 ಹೆಚ್ಚು ಹಿಡಿದಿದೆ. ಲೋಟದ ಲೆಕ್ಕ ಬೇರೆ. ನೀರಿಗೊಂದು, ಮುರುಗಲು ಪಾನಕಕ್ಕೊಂದು, ಮಾವಿನಕಾಯಿಯ ಅಪ್ಪೆಹುಳಿ ಇದ್ದರೆ ಅದಕ್ಕೊಂದು. ಹೀಗೆ ತಲೆಗೆ ಮೂರಾದರೆ 180. ಬರುವ ಜನರಷ್ಟೇ ಲೋಟ ತಂದ ಮನೆಯಲ್ಲಿ ಊಟದ ಮಧ್ಯೆ ಒಬ್ಬರು ಅಂಗಡಿಗೆ ಓಡುತ್ತಾರೆ, ಆಗ ಯಾವ ರಿಯಾಯಿತಿಯೂ ಇರುವುದಿಲ್ಲ.

ತಟ್ಟೆ: ಮೂರು ದಾರಿ

ಹತ್ತು ಇಂಚಿನ ದುಂಡು ಹಾಳೆ ತಟ್ಟೆ ತೆಗೆದುಕೊಳ್ಳಿ. ಮೊದಲ ಅಂಗಡಿಯಲ್ಲಿ 25ರ ಕಟ್ಟು ₹150, ಎರಡಕ್ಕೆ ಒಂದು ಉಚಿತ. ಎರಡನೆಯದರಲ್ಲಿ 10ರ ಕಟ್ಟು ₹60, ಶೇ. 30 ಕಡಿತ ಕಳೆದು ₹42. ಎರಡೂ ಕಡೆ ಮೂಲ ದರ ತಟ್ಟೆಗೆ ₹6. ಮೊದಲನೆಯದರಲ್ಲಿ ಸಿಗುವ ಕಡಿತ ಶೇ. 33.3, ಎರಡನೆಯದರಲ್ಲಿ 30. ಬೋರ್ಡು ನೋಡಿದರೆ ಮೊದಲನೆಯದೇ ಅಗ್ಗ.

ಈಗ 66 ತಟ್ಟೆಗೆ ಲೆಕ್ಕ ಹಾಕಿ. ಮೊದಲ ಅಂಗಡಿಯಲ್ಲಿ ಮೂರು ಕಟ್ಟು, 75 ತಟ್ಟೆ, ₹300. ಎರಡನೆಯದರಲ್ಲಿ ಏಳು ಕಟ್ಟು, 70 ತಟ್ಟೆ, ₹294. ಕೊಂಡ ತಟ್ಟೆಗೆ ಮೊದಲನೆಯದು ₹4, ಎರಡನೆಯದು ₹4.20. ಬಳಸುವ ತಟ್ಟೆಗೆ ಭಾಗಿಸಿದರೆ ಮೊದಲನೆಯದು ₹4.55, ಎರಡನೆಯದು ₹4.45. ಕಡಿತ ಕಡಿಮೆ ಇದ್ದ ಅಂಗಡಿಯೇ ಗೆದ್ದಿತು. ಕಾರಣ ಕಟ್ಟಿನ ಗಾತ್ರ. ದೊಡ್ಡ ಕಟ್ಟಾದರೆ ಬೇಡದ ಒಂಬತ್ತು ತಟ್ಟೆಯೂ ಮನೆಗೆ ಬರುತ್ತದೆ.

ಆ ಒಂಬತ್ತಕ್ಕೆ ಬೆಲೆ ಇಲ್ಲವೇ ಎಂದರೆ, ಅದು ತಿಂಗಳ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಮನೆಯಲ್ಲಿ ಇನ್ನೊಂದು ಕಾರ್ಯ ಇದ್ದರೆ ಉಳಿದದ್ದಕ್ಕೆ ಪೂರ್ತಿ ಬೆಲೆ ಹಿಡಿಯಬಹುದು. ಆಗ ಮೊದಲ ಅಂಗಡಿಯೇ ಅಗ್ಗ. ಜೂನ್ ನಂತರ ಹಾಗಲ್ಲ. ಕರಾವಳಿಯ ಥಂಡಿಗೆ ಹಾಳೆ ತಟ್ಟೆ ಬೂಷ್ಟು ಹಿಡಿಯುತ್ತದೆ, ಚೌತಿಗೆ ತೆಗೆದು ನೋಡಿದರೆ ಕಪ್ಪು ಚುಕ್ಕೆ. ಎರಡು ಬಿಸಿಲು ಒಣಗಿಸಿ, ಗಾಳಿಯಾಡದಂತೆ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಅನುಕೂಲ ಇದ್ದವರು ಮಾತ್ರ ಮಳೆಗಾಲದ ಮೊದಲು ಹೆಚ್ಚುವರಿ ತರಬಹುದು. ಉಳಿದವರು ಆ ಒಂಬತ್ತಕ್ಕೆ ಸೊನ್ನೆ ಹಾಕಿ.

ಮೂರನೆಯ ದಾರಿ ಘಟಕದಿಂದಲೇ ಬಿಡಿಯಾಗಿ ತರುವುದು. ದರ ₹3.50, ಹೋಗಿ ಬರುವ ಪೆಟ್ರೋಲು ₹60 ಎನ್ನೋಣ. ಆರಿಸದ ಮಾಲಿನಲ್ಲಿ ನೂರಕ್ಕೆ ನಾಲ್ಕು ಸೀಳು, ತೂತು ಎಂದು ಹಿಡಿದರೆ 66 ಒಳ್ಳೆಯ ತಟ್ಟೆಗೆ 69 ತರಬೇಕು: ₹241.50, ಪೆಟ್ರೋಲು ಸೇರಿ ₹301.50. ಅಂಗಡಿಗಿಂತ ದುಬಾರಿ. 200 ಜನರ ಕಾರ್ಯವಾದರೆ 220 ತಟ್ಟೆ ಬೇಕು. ಘಟಕದಿಂದ 230 ತಂದರೆ ಪೆಟ್ರೋಲು ಸೇರಿ ₹865, ಮೊದಲ ಅಂಗಡಿಯಲ್ಲಿ ₹900, ಎರಡನೆಯದರಲ್ಲಿ ₹924. ಈ ದರಗಳಲ್ಲಿ ಸುಮಾರು 170 ತಟ್ಟೆ ದಾಟಿದ ಮೇಲೆ ಘಟಕಕ್ಕೆ ಹೋಗುವುದು ಲಾಭ. ಆ ಸಂಖ್ಯೆ ತೆಗೆಯುವುದು ಸುಲಭ: ಓಡಾಟದ ಖರ್ಚನ್ನು ತಟ್ಟೆಯೊಂದರ ಉಳಿತಾಯದಿಂದ ಭಾಗಿಸಿ. ಹಾಳಾದದ್ದು ಕಳೆದರೆ ಘಟಕದ ನಿಜ ದರ 3.50 ÷ 0.96, ಅಂದರೆ ₹3.65. ಅಂಗಡಿಯ ₹4ಕ್ಕೂ ಅದಕ್ಕೂ ಅಂತರ 35 ಪೈಸೆ. 60 ÷ 0.35 ಎಂದರೆ 171. ಘಟಕದಲ್ಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿಕೊಂಡರೆ ಈ ಸಂಖ್ಯೆ ಇನ್ನೂ ಕೆಳಗಿಳಿಯುತ್ತದೆ. ತಳದಲ್ಲಿ ಸೂಜಿಯಷ್ಟು ತೂತಿದ್ದರೂ ತಂಬುಳಿ ಸೋರುತ್ತದೆ.

ಇಲ್ಲಿ ತೆರಿಗೆಯ ವಿಷಯವೂ ಒಂದಿದೆ. ಎಲೆ, ಹಾಳೆ, ತೊಗಟೆಯಿಂದ ಮಾಡಿದ ತಟ್ಟೆ ಮತ್ತು ಲೋಟಕ್ಕೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಹಾಳೆ ತಟ್ಟೆಗೆ ತೆರಿಗೆ ಸೇರಿಸಿದ್ದರೆ ಕೇಳಿ ತೆಗೆಸಿ. ಬೇರೆ ಪ್ಯಾಕೆಟ್ ಸಾಮಾನಿನ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ದರ. ಕಡಿತ ಕೊಟ್ಟ ಮೇಲೆ ‘ಜಿಎಸ್‌ಟಿ ಬೇರೆ’ ಎಂದರೆ ಸಿಕ್ಕ ಕಡಿತದ ಒಂದು ಪಾಲು ವಾಪಸು ಹೋಯಿತು ಎಂದೇ ಲೆಕ್ಕ.

ಬಾಳೆಲೆಯನ್ನು ಈ ಹೋಲಿಕೆಗೆ ಸೇರಿಸಿಲ್ಲ. ಕಾರವಾರದ ರವಿವಾರದ ಸಂತೆಯಲ್ಲಿ ಕೊಂಡರೂ, ಶಿರಸಿಯ ತೋಟದಲ್ಲಿ ಪುಕ್ಕಟೆ ಸಿಕ್ಕರೂ ಅದು ಪಂಕ್ತಿ ಊಟಕ್ಕೆ. ನಿಂತು ತಿನ್ನುವ ಪಾರ್ಟಿಗೆ ಆಗದು.

ಲೋಟ: ಅಗ್ಗದ್ದು ದುಬಾರಿಯಾಗುವ ಬಗೆ

150 ಮಿ.ಲೀ. ಪೇಪರ್ ಲೋಟ ನೂರಕ್ಕೆ ₹70, 210 ಮಿ.ಲೀ. ಲೋಟ ಐವತ್ತಕ್ಕೆ ₹55. ಒಂದಕ್ಕೆ 70 ಪೈಸೆ, ಇನ್ನೊಂದಕ್ಕೆ ₹1.10. ನೂರು ಮಿ.ಲೀ.ಗೆ ಹಾಕಿದರೂ ಚಿಕ್ಕದೇ ಅಗ್ಗ: 47 ಪೈಸೆ, ದೊಡ್ಡದಕ್ಕೆ 52. ಆದರೆ ಲೋಟವನ್ನು ಯಾರೂ ಅಂಚಿನವರೆಗೆ ತುಂಬುವುದಿಲ್ಲ. ಮುಕ್ಕಾಲು ತುಂಬಿದ ಚಿಕ್ಕ ಲೋಟದಲ್ಲಿ ಹಿಡಿಯುವುದು 110 ಮಿ.ಲೀ. ಚಿಲ್ಲರೆ. ಅಪ್ಪೆಹುಳಿ ಅಷ್ಟಕ್ಕೆ ಮುಗಿಯುವ ಪದಾರ್ಥವಲ್ಲ. ಎರಡನೇ ಸಲಕ್ಕೆ ಜನ ಹೊಸ ಲೋಟವನ್ನೇ ತೆಗೆಯುತ್ತಾರೆ, ಆಗ ತಲೆಗೆ ₹1.40. ಅಪ್ಪೆಹುಳಿಗೆ ದೊಡ್ಡದು, ನೀರಿಗೂ ಪಾನಕಕ್ಕೂ ಚಿಕ್ಕದು ತಂದರೆ ಖರ್ಚು ಹಿಡಿತದಲ್ಲಿರುತ್ತದೆ.

ಲೋಟದ ಪ್ಯಾಕೆಟ್ಟಿನಲ್ಲೇ ಎಂಆರ್‌ಪಿಯ ಆಟವೂ ಹೆಚ್ಚು. ₹120 ಎಂದು ಅಚ್ಚಾದ ಐವತ್ತು ಲೋಟಕ್ಕೆ ಅರ್ಧ ಕಡಿತ ಕೊಟ್ಟರೆ ₹60. ₹62 ಎಂದು ಅಚ್ಚಾದ ಅದೇ ಅಳತೆಯ ಐವತ್ತಕ್ಕೆ ಶೇ. 10 ಕಡಿತ ಕೊಟ್ಟರೆ ₹55.80. ಕಡಿತದ ಶೇಕಡಾವನ್ನು ಎರಡು ಬ್ರ್ಯಾಂಡುಗಳ ನಡುವೆ ಹೋಲಿಸಲೇಬಾರದು.

ಬಲೂನು

ಒಂಬತ್ತು ಇಂಚಿನದು ಐವತ್ತಕ್ಕೆ ₹75, ಹನ್ನೆರಡು ಇಂಚಿನದು ಐವತ್ತಕ್ಕೆ ₹125. ಕಮಾನು ಕಟ್ಟುವವರಿಗೆ ಬೇಕಾದ್ದು ಬಲೂನಿನ ಎಣಿಕೆಯಲ್ಲ, ಮುಚ್ಚುವ ಗೋಡೆ. ಕಣ್ಣಿಗೆ ಕಾಣುವ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 144 ÷ 81, ಸುಮಾರು 1.78. ಐವತ್ತು ದೊಡ್ಡ ಬಲೂನು ಮುಚ್ಚುವ ಜಾಗಕ್ಕೆ 89 ಚಿಕ್ಕವು ಬೇಕು, ಅಂದರೆ ಎರಡು ಪ್ಯಾಕೆಟ್, ₹150. ದೊಡ್ಡದು ₹25 ಅಗ್ಗ. ಚಿಕ್ಕದಕ್ಕೆ ‘ಎರಡನೆಯದು ಅರ್ಧ ಬೆಲೆ’ ಇದ್ದರೆ ₹112.50, ಆಗ ಚಿಕ್ಕದು ಗೆದ್ದಿತು. ಗೆದ್ದರೂ 39 ಬಲೂನು ಹೆಚ್ಚು ಊದಿ ಗಂಟು ಹಾಕಬೇಕು, ನಿಮಿಷಕ್ಕೊಂದು ಎಂದರೂ ಮುಕ್ಕಾಲು ತಾಸಿಗೆ ಹತ್ತಿರ. ₹12.50ಕ್ಕೆ ಅಷ್ಟು ಕೆಲಸ ಬೇಡ ಎನ್ನುವುದು ನಮ್ಮ ತೀರ್ಮಾನ, ಮನೆ ತುಂಬ ಮಕ್ಕಳಿದ್ದರೆ ಬೇರೆ ಮಾತು. ಯಾವುದೇ ಗಾತ್ರವಾದರೂ ಪೂರ್ತಿ ಊದಬೇಡಿ. ಕರಾವಳಿಯ ಮಧ್ಯಾಹ್ನದ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಡೆಯುತ್ತದೆ, ಒಂದು ಇಂಚು ಕಡಿಮೆ ಇರಲಿ.

ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಹಳೆಯ ದಾಸ್ತಾನನ್ನು ಯಾರಾದರೂ ಕಾಲು ಬೆಲೆಗೆ ಕೊಡುತ್ತೇವೆಂದರೂ ಲೆಕ್ಕಕ್ಕೆ ತರಬೇಡಿ.

ಬಿಲ್ಲಿನ ಮೇಲಿನ ಕಡಿತ

‘ಶೇ. 20, ಅದರ ಮೇಲೆ ಶೇ. 10’ ಎಂದರೆ 30 ಅಲ್ಲ. ಸಾವಿರ ಮೊದಲು 800, ಆಮೇಲೆ 720. ಒಟ್ಟು ಕಡಿತ ಶೇ. 28. ‘ಎರಡನೆಯದು ಅರ್ಧ ಬೆಲೆ’ ಎಂದರೆ ಜೋಡಿಯ ಮೇಲೆ ಶೇ. 25. ಮೂರು ಬೇಕಾದವರಿಗೆ ಶೇ. 16.7 ಮಾತ್ರ.

ಹೆಚ್ಚು ಜನ ಎಡವುವುದು ‘₹1,000 ಮುಟ್ಟಿದರೆ ₹150 ಕಡಿತ’ ಎಂಬಲ್ಲಿ. ಇಲ್ಲಿ ನೆನಪಿಡಬೇಕಾದ ಅಂಕಿ 850. ಬೇಕಾದ ಸಾಮಾನಿನ ಬಿಲ್ಲು ₹870 ಆಗಿದ್ದರೆ ₹130ರ ಊದುಬತ್ತಿಯನ್ನೋ ಸಕ್ಕರೆಯನ್ನೋ ಸೇರಿಸಿ, ಕೊಡುವುದು ₹850 ಅಷ್ಟೇ. ಬಿಲ್ಲು ₹700 ಇದ್ದರೆ ₹300ರ ಸಾಮಾನಿಗೆ ಕೈಯಿಂದ ₹150 ಹೆಚ್ಚು ಹೋಗುತ್ತದೆ. ಆ ಸಾಮಾನು ಹೇಗೂ ಬೇಕಿದ್ದರೆ ಸರಿ, ಇಲ್ಲದಿದ್ದರೆ ನಿಲ್ಲಿಸಿ. ಬಿಲ್ಲು ದೊಡ್ಡದಾದಷ್ಟೂ ಕಡಿತ ತೆಳುವಾಗುತ್ತದೆ: ಸಾವಿರಕ್ಕೆ ಶೇ. 15, ಒಂದೂವರೆ ಸಾವಿರಕ್ಕೆ ಶೇ. 10. ₹2,000ದ ಸಾಮಾನಿದ್ದರೆ ಎರಡು ಬಿಲ್ ಮಾಡಿಕೊಡುತ್ತೀರಾ ಎಂದು ಕೇಳಿ. ಒಪ್ಪಿದರೆ ₹300 ಉಳಿಯಿತು.

ಮುಂದಿನ ಖರೀದಿಗೆ ₹200 ಕೂಪನ್ ಕೊಡುವ ಅಂಗಡಿಯೂ ಇದೆ. ಮುಂದೆಯೂ ₹1,000ದ ಖರೀದಿ ಕಡ್ಡಾಯ ಎಂದಿದ್ದರೆ ₹2,000ದ ಸಾಮಾನಿಗೆ ₹1,800 ಕೊಟ್ಟಂತೆ, ಶೇ. 10. ಕೂಪನ್ ಡಬ್ಬಿಯಲ್ಲೇ ಉಳಿದರೆ ಸೊನ್ನೆ.

ಹುಬ್ಬಳ್ಳಿಗೆ ಹೋಗಬೇಕೆ?

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಲೀಟರಿಗೆ 50 ಕೊಡುವ ಬೈಕಿನಲ್ಲಿ ಹೋಗಿ ಬರಲು ನಾಲ್ಕು ಲೀಟರ್, ಲೆಕ್ಕಕ್ಕೆ ₹400. ಅಲ್ಲಿ ಸಗಟು ದರ ಶೇ. 15 ಕಡಿಮೆ ಎಂದರೆ ಪೆಟ್ರೋಲಿನ ಹಣ ಹುಟ್ಟಲು ಇಲ್ಲಿನ ದರದಲ್ಲಿ ₹2,667ರ ಸಾಮಾನು ಬೇಕು. 60 ಜನರ ತಟ್ಟೆ, ಲೋಟ, ಬಲೂನು ಅಷ್ಟಾಗುವುದೇ ಇಲ್ಲ. ಮನೆಯ ಹೆಂಗಸರು ಸಾಮಾನ್ಯ ಬಸ್ಸಿನಲ್ಲಿ ಹೋದರೆ ಲೆಕ್ಕ ತಿರುಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಅವರಿಗೆ ಟಿಕೆಟ್ ದರ ಇಲ್ಲ. ಹೊರೆ ಹೆಚ್ಚಾದರೆ ಲಗೇಜಿನ ಹಣ, ಜೊತೆಗೆ ಒಂದು ದಿನ, ಅಷ್ಟೇ ಖರ್ಚು. ಕಾರವಾರದವರು ಮಡಗಾಂವಿಗೆ ಹೋದರೆ ಈ ಅನುಕೂಲ ಸಿಗದು, ಅದು ಹೊರರಾಜ್ಯ.

ಮೊಬೈಲಿನಲ್ಲಿ ತರಿಸುವವರು ಡೆಲಿವರಿ ಶುಲ್ಕ ಸೇರಿಸಿಯೇ ಭಾಗಿಸಬೇಕು. ಮಳೆಗಾಲದಲ್ಲಿ ಅರಬೈಲ್ ಘಾಟಿಯಲ್ಲೋ ದೇವಿಮನೆ ಘಾಟಿಯಲ್ಲೋ ಗುಡ್ಡ ಕುಸಿದರೆ ಪಾರ್ಸೆಲ್ ದಾರಿಯಲ್ಲೇ ಕೂತಿರುತ್ತದೆ. ಹುಟ್ಟುಹಬ್ಬದ ಮರುದಿನ ಬಂದ ಬಲೂನಿಗೆ ಬಳಕೆಯ ಸಂಖ್ಯೆ ಸೊನ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ದಿನ ಮೊದಲೇ ಆರ್ಡರ್ ಹಾಕಿ, ಇಲ್ಲವೇ ಊರಲ್ಲೇ ಕೊಳ್ಳಿ.

ಕೌಂಟರಿನಲ್ಲಿ ಹಣ ಕೊಡುವ ಮುನ್ನ ಬಿಲ್ಲಿನ ಸಾಲುಗಳನ್ನು ಬೋರ್ಡಿನ ಜೊತೆ ತಾಳೆ ನೋಡಿ. ಉಚಿತದ ಕಟ್ಟನ್ನು ಸ್ಕ್ಯಾನ್ ಮಾಡಿ ಅದಕ್ಕೂ ದರ ಬಿದ್ದಿರುವುದು, ಕಡಿತ ಒಂದೇ ಬಣ್ಣದ ಪ್ಯಾಕೆಟ್ಟಿಗೆ ಮಾತ್ರ ಇರುವುದು, ಇವೆರಡೇ ಸಾಮಾನ್ಯವಾಗಿ ಆಗುವ ತಪ್ಪು. ಬಿಚ್ಚದ ಕಟ್ಟನ್ನು ಎಷ್ಟು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತೀರಿ ಎಂದೂ ಆಗಲೇ ಕೇಳಿ. ವಾಪಸು ತೆಗೆದುಕೊಳ್ಳುವ ಅಂಗಡಿಯಾದರೆ ತಟ್ಟೆಗೆ ಹತ್ತಿಪ್ಪತ್ತು ಪೈಸೆ ಹೆಚ್ಚಾದರೂ ಅಲ್ಲೇ ಕೊಳ್ಳಿ.